ಚಿಂತೆ ಬೇರೆ, ನೀವು ಬೇರೆ

ದ್ವಿತೀಯ ಪಿಯುಸಿ ವಿದ್ಯಾರ್ಥಿ. ಪುಸ್ತಕ ತೆರೆದಿದೆ, ಕಣ್ಣು ಸಾಲುಗಳ ಮೇಲೆ ಓಡುತ್ತಿದೆ. ಮನಸ್ಸು ಮಾತ್ರ ‘ನಾನು ಫೇಲಾಗುತ್ತೇನೆ, ಅಪ್ಪನಿಗೆ ಹೇಗೆ ಮುಖ ತೋರಿಸಲಿ?’ ಎಂಬಲ್ಲೇ ಗಿರಕಿ ಹೊಡೆಯುತ್ತಿದೆ. ಇದನ್ನು ಕಂಡ ಮನೆಯವರು ಹೇಳುವ ಮಾತು ಒಂದೇ: ‘ಏನೇನೋ ಯೋಚನೆ ಮಾಡಬೇಡ, ಸುಮ್ಮನೆ ಓದು.’ ಮಾತೇನೋ ಪ್ರೀತಿಯದೇ. ಆದರೆ ಅದರಿಂದ ಉಪಯೋಗವಾಗುವುದು ಅಪರೂಪ. ಏಕೆ?

1987ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬಾರದು, ನೆನಪಾದರೆ ಗಂಟೆ ಬಾರಿಸಬೇಕು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅನಂತರ ಯೋಚಿಸಲು ಅನುಮತಿ ಕೊಟ್ಟಾಗ, ಮೊದಲು ಕರಡಿಯನ್ನು ಅದುಮಿಟ್ಟವರಿಗೇ ಅದು ಹೆಚ್ಚು ಸಲ ನೆನಪಾಯಿತು! ಚಿಂತೆಯೂ ಹಾಗೆಯೇ. ದೂಡಿದಷ್ಟೂ ಮೇಲೆ ಬೀಳುತ್ತದೆ.

ಹಾಗಾದರೆ ದಾರಿ ಯಾವುದು? ಸ್ವಲ್ಪ ದೂರ ನಿಂತು ನೋಡುವುದು. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್, ಖಿನ್ನತೆಯ ರೋಗಿಗಳು ಮನಸ್ಸಿಗೆ ಬಂದದ್ದನ್ನೆಲ್ಲ ಸತ್ಯವೆಂದೇ ನಂಬುವುದನ್ನು ಗಮನಿಸಿದರು. ಯೋಚನೆ ಒಂದು ಊಹೆ ಮಾತ್ರ, ಅದನ್ನು ಪರೀಕ್ಷಿಸಬಹುದು ಎಂದು ಅವರಿಗೆ ಕಲಿಸಿದರು. ಮುಂದೆ ಸ್ಟೀವನ್ ಹೇಯ್ಸ್ ಮತ್ತಿತರರು, ಯೋಚನೆಯೊಡನೆ ವಾದಕ್ಕಿಳಿಯದೆ ಅದನ್ನು ಬರಿಯ ಯೋಚನೆಯಾಗಿ ಕಾಣುವ ಅಭ್ಯಾಸಗಳನ್ನು ಚಿಕಿತ್ಸೆಗೆ ತಂದರು. ಇವುಗಳಲ್ಲಿ ಕೆಲವನ್ನು ಮನೆಯಲ್ಲೇ ಮಾಡಬಹುದು.

1. ವಾಕ್ಯ ಬದಲಿಸಿ. ‘ನಾನು ಫೇಲಾಗುತ್ತೇನೆ’ ಎನ್ನುವ ಬದಲು, ‘ಫೇಲಾಗುತ್ತೇನೆ ಎಂಬ ಯೋಚನೆ ನನಗೆ ಈಗ ಬಂದಿದೆ’ ಎನ್ನಿ. ಮೊದಲನೆಯದು ತೀರ್ಪು, ಎರಡನೆಯದು ವರದಿ.

2. ಪದವನ್ನು ಸವೆಸಿ. ‘ಫೇಲು, ಫೇಲು’ ಎಂದು ಅರ್ಧ ನಿಮಿಷ ಬೇಗ ಬೇಗ, ಗಟ್ಟಿಯಾಗಿ ಹೇಳಿ. ಅರ್ಥ ಕರಗಿ ಬರೀ ಸದ್ದು ಉಳಿಯುತ್ತದೆ. ಎಡ್ವರ್ಡ್ ಟಿಚನರ್ ಎಂಬ ಮನೋವಿಜ್ಞಾನಿ 20ನೇ ಶತಮಾನದ ಆರಂಭದಲ್ಲೇ ಇದನ್ನು ವಿವರಿಸಿದ್ದರು.

3. ಚಿಂತೆಗೊಂದು ವೇಳೆ ಕೊಡಿ. ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ವಿಧಾನವಿದು. ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಅರ್ಧ ಗಂಟೆ ಚಿಂತಿಸಲೆಂದೇ ಕುಳಿತುಕೊಳ್ಳಿ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಚೀಟಿಯಲ್ಲಿ ಬರೆದಿಟ್ಟು, ‘ಸಂಜೆ ಆರಕ್ಕೆ ನೋಡೋಣ’ ಎಂದು ಕೈಲಿರುವ ಕೆಲಸಕ್ಕೆ ಮರಳಿ. ಆರಕ್ಕೆ ಚೀಟಿ ಬಿಚ್ಚಿದಾಗ ಹಲವು ಚಿಂತೆಗಳು ಹಳಸಿರುತ್ತವೆ. ಈ ಹೊತ್ತು ಮಲಗುವ ಸಮಯಕ್ಕೆ ಹತ್ತಿರವಿರಬಾರದು.

ಬಸ್ ನಿಲ್ದಾಣದಲ್ಲಿ ನಿಂತವರು ಬಂದ ಬಸ್ಸನ್ನೆಲ್ಲ ಹತ್ತುವುದಿಲ್ಲ. ಬೋರ್ಡು ಓದಿ, ನಮ್ಮೂರಿನದಲ್ಲದಿದ್ದರೆ ಬಿಟ್ಟುಬಿಡುತ್ತಾರೆ. ಯೋಚನೆಗಳಿಗೂ ಇದೇ ನಿಯಮ.

ಆದರೆ ಕೆಲವು ಬಸ್ಸುಗಳು ನಮ್ಮೂರಿನವೇ ಆಗಿರುತ್ತವೆ. ಗಣಿತದ ಒಂದು ಅಧ್ಯಾಯ ನಿಜವಾಗಿಯೂ ಅರ್ಥವಾಗಿಲ್ಲ ಎಂದಾದರೆ ಉಪಾಧ್ಯಾಯರ ಬಳಿ ಹೋಗಲೇಬೇಕು. ದೂರ ನಿಲ್ಲುವುದೆಂದರೆ ಓಡಿಹೋಗುವುದಲ್ಲ. ಮಾಡಬೇಕಾದ್ದು ಯಾವುದು, ಬರೀ ಗದ್ದಲ ಯಾವುದು ಎಂದು ಕಾಣುವಷ್ಟು ದೂರ ಸಾಕು. ಒಂದೆರಡು ದಿನಕ್ಕೆ ಇದು ಕೈಗೂಡದು, ಸೈಕಲ್ ಕಲಿತಂತೆ ಅಭ್ಯಾಸ ಬೇಕು. ಚಿಂತೆ ಹಗುರವಿದ್ದಾಗಲೇ ಆರಂಭಿಸಿ.

ತಂದೆತಾಯಿಯರಿಗೊಂದು ಮಾತು. ‘ನೀನು ಖಂಡಿತ ಪಾಸಾಗ್ತೀಯ’ ಎಂದು ದಿನಕ್ಕೆ ಹತ್ತು ಸಲ ಭರವಸೆ ಕೊಟ್ಟರೆ ಮಗು ಹನ್ನೊಂದನೆಯ ಸಲಕ್ಕೆ ಕಾಯುತ್ತದೆ. ಬದಲಿಗೆ, ‘ಮತ್ತೆ ಆ ಯೋಚನೆ ಬಂತಾ ಪುಟ್ಟಾ? ಬಂದದ್ದು ಇರಲಿ ಬಿಡು. ಈಗ ಯಾವ ಪಾಠ ಓದ್ತಿದ್ದೆ?’ ಎಂದು ಕೇಳಿ.

ನಿದ್ದೆ, ಊಟ ಎರಡು ವಾರ ಕೆಟ್ಟಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಬದುಕು ಬೇಡವೆಂಬ ಮಾತು ಒಂದು ಸಲ ಬಂದರೂ ಸಾಕು, ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಸಹಾಯ ಪಡೆಯಿರಿ. ಆಗ ಮನೆಯ ಅಭ್ಯಾಸವನ್ನು ನಂಬಿ ಕೂರಬಾರದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ‘ಈ ಮಾರ್ಕ್ಸಿಗೆ ಇವನ ಭವಿಷ್ಯ ಮುಗಿದಂತೆಯೇ’ ಎಂದು ರಾತ್ರಿ ನಿಮ್ಮ ನಿದ್ದೆಗೆಡಿಸುವುದೂ ಒಂದು ಯೋಚನೆಯೇ. ಮೇಲಿನ ಅಭ್ಯಾಸಗಳನ್ನು ಮೊದಲು ಅದರ ಮೇಲೆ ಮಾಡಿ ನೋಡಿ. ಮಕ್ಕಳು ನೋಡಿ ಕಲಿಯುತ್ತಾರೆ.