ಕುಳಿತುಕೊಳ್ಳುವ ಹಕ್ಕು

ಕುಳಿತುಕೊಳ್ಳುವುದಕ್ಕೂ ಒಂದು ಕಾಯಿದೆ ಬೇಕೆ ಎಂದು ನಮ್ಮ ತರುಣ ವಾಚಕರು ನಕ್ಕಾರು. ಆದರೆ 2018ರಲ್ಲಿ ಕೇರಳವು ಅಂಗಡಿಗಳಿಗೆ ಸಂಬಂಧಿಸಿದ ತನ್ನ ಕಾಯಿದೆಯನ್ನು ತಿದ್ದಿ, ನೌಕರರಿಗೆ ಆಸನಗಳನ್ನು ಒದಗಿಸಬೇಕೆಂದು ವಿಧಿಸಿತು. 2021ರಲ್ಲಿ ತಮಿಳುನಾಡು ಅದೇ ಹಾದಿಯನ್ನು ಹಿಡಿಯಿತು. ಇದು ಕೇವಲ ದಾಕ್ಷಿಣ್ಯದ ಮಾತಲ್ಲ, ಶರೀರಶಾಸ್ತ್ರದ ಮಾತು ಎಂಬುದು ನಮ್ಮ ಅಭಿಪ್ರಾಯ.

ಕಾಲಿಗಿಳಿದ ರಕ್ತವು ಹೃದಯಕ್ಕೆ ಮರಳುವಾಗ ಗುರುತ್ವಾಕರ್ಷಣೆಯನ್ನು ಎದುರಿಸಬೇಕು. ಈ ಕಾರ್ಯದಲ್ಲಿ ನೆರವಾಗುವವು ಮೀನಖಂಡದ ಸ್ನಾಯುಗಳು. ನಡೆಯುವಾಗ ಅವು ಹೆಜ್ಜೆಹೆಜ್ಜೆಗೂ ಸಂಕುಚಿಸಿ ತಮ್ಮ ನಡುವಣ ಅಭಿಧಮನಿಗಳನ್ನು ಹಿಂಡುತ್ತವೆ. ಒಳಗಿನ ಕವಾಟಗಳು ಮೇಲ್ಮುಖವಾಗಿ ಮಾತ್ರ ತೆರೆಯುವುದರಿಂದ ರಕ್ತವು ಹೃದಯದ ಕಡೆಗೇ ಸಾಗುತ್ತದೆ. ನೀರೆತ್ತುವ ಕೈಪಂಪಿಗೂ ಇದಕ್ಕೂ ತತ್ತ್ವದಲ್ಲಿ ಹೆಚ್ಚು ಭೇದವಿಲ್ಲ. ಅಲುಗಾಡದೆ ನಿಂತವರಲ್ಲಿ ಈ ಪಂಪು ಸುಮ್ಮನಿರುತ್ತದೆ. ಆಗ ಪಾದದ ಅಭಿಧಮನಿಗಳಲ್ಲಿ ಒತ್ತಡವು ಪಾದರಸದ ಸುಮಾರು 90 ಮಿಲಿಮೀಟರಿಗೆ ಏರುತ್ತದೆ. ನಡೆಯತೊಡಗಿದರೆ 25 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಒತ್ತಡ ಹೆಚ್ಚಿದಲ್ಲಿ ರಕ್ತದ ದ್ರವಾಂಶವು ಲೋಮನಾಳಗಳಿಂದ ಹೊರಗೆ ಜಿನುಗಿ ಪಾದಗಳು ಊದಿಕೊಳ್ಳುತ್ತವೆ. ಕವಾಯತಿನಲ್ಲಿ ನಿಂತ ಹುಡುಗನು ಒಮ್ಮೆಲೇ ಮೂರ್ಛೆ ಹೋಗುವುದನ್ನು ಶಾಲೆಯ ಮೈದಾನದಲ್ಲಿ ಹಲವರು ಕಂಡಿರಬಹುದು. ಬಿಸಿಲೊಂದೇ ಅದಕ್ಕೆ ಕಾರಣವಲ್ಲ. ರಕ್ತವು ಕಾಲುಗಳಲ್ಲಿ ತಂಗಿ, ಮೆದುಳಿಗೆ ಸಾಲದಾಗುವುದೂ ಕಾರಣ.

ವರ್ಷಗಟ್ಟಲೆ ಹೀಗೆ ನಿಂತವರ ಕವಾಟಗಳು ಸಡಿಲಗೊಂಡು ಅಭಿಧಮನಿಗಳು ಗಂಟುಗಂಟಾಗಿ ಉಬ್ಬುವ ಸಂಭವ ಹೆಚ್ಚು. ಕೆನಡದ ಒಂಟಾರಿಯೊ ಪ್ರಾಂತದಲ್ಲಿ 7,000ಕ್ಕೂ ಹೆಚ್ಚು ದುಡಿಯುವವರನ್ನು 12 ವರ್ಷ ಅನುಸರಿಸಿದ ಒಂದು ಅಧ್ಯಯನದಲ್ಲಿ, ನಿಂತು ದುಡಿಯುವವರಿಗೆ ಹೃದ್ರೋಗದ ಸಂಭವವು ಕುಳಿತು ದುಡಿಯುವವರಿಗಿಂತ ಸುಮಾರು ಇಮ್ಮಡಿಯಾಗಿ ಕಂಡಿತು. ಇಂಥ ಅಧ್ಯಯನವೊಂದರಿಂದಲೇ ಕಾರ್ಯಕಾರಣ ಸಂಬಂಧ ಸಿದ್ಧವಾಯಿತೆನ್ನಲಾಗದು, ಆದರೂ ಅಲಕ್ಷಿಸುವಂಥದಲ್ಲ. ದಿನವೆಲ್ಲ ಕುಳಿತಿರುವುದೂ ಕೆಡುಕಲ್ಲವೆ ಎಂದು ಕೇಳುವವರಿಗೆ ನಮ್ಮ ಉತ್ತರ ಸರಳ: ದೇಹವು ಬಯಸುವುದು ಭಂಗಿಯ ಬದಲಾವಣೆಯನ್ನು, ಅದನ್ನು ದುಡಿಯುವವರಿಂದ ಕಸಿದುಕೊಳ್ಳಬಾರದು.

ಈ ವಿಚಾರ ಹೊಸದೇನೂ ಅಲ್ಲ. ಬ್ರಿಟನ್ನಿನಲ್ಲಿ 1899ರಲ್ಲಿಯೇ ಅಂಗಡಿಗಳ ಮಹಿಳಾ ನೌಕರರಿಗೆ ಮೂವರಿಗೊಂದರಂತೆ ಆಸನಗಳಿರಬೇಕೆಂಬ ಕಾನೂನಾಯಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯ 44ನೆಯ ಕಲಮು ನಿಂತು ದುಡಿಯುವ ಕಾರ್ಮಿಕರಿಗೆ ಆಸನ ಒದಗಿಸಬೇಕೆಂದಿತು. ಯಂತ್ರದ ಮುಂದೆ ನಿಂತವರ ಕಾಲು ನೋಯುವುದೆಂದು ಒಪ್ಪಿದ ನಾಡಿನಲ್ಲಿ, ಸೀರೆಯ ರಾಶಿಯ ಮುಂದೆ ನಿಂತವರ ಕಾಲೂ ನೋಯುವುದೆಂದು ಕೇರಳವು ಒಪ್ಪುವುದಕ್ಕೆ ಇನ್ನೂ 70 ವರ್ಷ ಹಿಡಿಯಿತು! ಅದೂ ತಾನಾಗಿ ಅಲ್ಲ. ಕೋಳಿಕ್ಕೋಡಿನಲ್ಲಿ ದರ್ಜಿ ಕೆಲಸದ ಪಿ. ವಿಜಿ ಮತ್ತು ಅವರ ‘ಪೆಣ್‌ಕೂಟ್ಟು’ ಎಂಬ ಮಹಿಳಾ ಸಂಘಟನೆಯವರು ಮೊದಲು ಶೌಚಾಲಯಕ್ಕಾಗಿ, ಬಳಿಕ ಆಸನಕ್ಕಾಗಿ ಹೋರಾಡಬೇಕಾಯಿತು.

ಗಿರಾಕಿಯ ಮುಂದೆ ಕುಳಿತರೆ ಅವಮರ್ಯಾದೆ ಎಂಬ ಭಾವನೆ ಎಲ್ಲಿಂದ ಬಂತೋ ತಿಳಿಯದು. ಹಳೆಯ ಜವಳಿ ಅಂಗಡಿಗಳಲ್ಲಿ ವರ್ತಕನು ಗಾದಿಯ ಮೇಲೆ ಕುಳಿತೇ ಬಟ್ಟೆಯನ್ನು ಹಾಸಿ ತೋರಿಸುತ್ತಿದ್ದನು. ಕೊಳ್ಳುವವರೂ ಕುಳಿತೇ ಚೌಕಾಸಿ ಮಾಡುತ್ತಿದ್ದರು. ಯಾರ ಮಾನವೂ ಹೋಗಲಿಲ್ಲ.

ಈ ಕಾನೂನುಗಳಲ್ಲಿ ಒಂದು ಕೊರತೆಯನ್ನು ನಾವು ಕಾಣುತ್ತೇವೆ. ಕೆಲಸದ ನಡುವೆ ಅವಕಾಶ ಒದಗಿದಾಗ ಕುಳಿತುಕೊಳ್ಳಲೆಂದು ಆಸನವಿರಬೇಕು ಎನ್ನುವುದೇ 1948ರ ಕಾಯಿದೆಯ ಧಾಟಿ; ತಮಿಳುನಾಡಿನದೂ ಅದೇ. ಅವಕಾಶ ಒದಗಿತೆಂದು ನಿರ್ಣಯಿಸುವವರು ಯಾರು? ಮಾಲೀಕರೇ ಆದರೆ, ಹಬ್ಬದ ದಿನಗಳಲ್ಲಿ ಆ ಅವಕಾಶ ಒದಗಲಾರದು. ಬ್ರಿಟನ್ನಿನವರು ಮೂವರಿಗೊಂದು ಎಂದು ಲೆಕ್ಕ ಹಾಕಿದಂತೆ, ಗಂಟೆಗೆ ಇಷ್ಟು ನಿಮಿಷ ಎಂಬ ಲೆಕ್ಕವನ್ನೂ ಕಾನೂನಿನಲ್ಲಿಯೇ ಬರೆಯಬೇಕು. ತಪಾಸಣೆಗೆ ಬರುವ ಅಧಿಕಾರಿಯು ಸ್ಟೂಲುಗಳನ್ನು ಎಣಿಸಿ ಹಿಂತಿರುಗದೆ, ಅವುಗಳ ಮೇಲೆ ಯಾರಾದರೂ ಕುಳಿತಿದ್ದಾರೆಯೇ ಎಂದು ನೋಡಬೇಕು.