ರಾಕ್ಷಸನಿಗೆ ಹಿಟ್ ಪಾಯಿಂಟ್ ಆಮೇಲೆ, ಷರತ್ತು ಮೊದಲು

ಶನಿವಾರ ರಾತ್ರಿ ಊಟ ಆದಮೇಲೆ ಹಾಸ್ಟೆಲ್ ಕಾರಿಡಾರ್‌ನಲ್ಲಿ ದಾಳ ಉರುಳುವ ಸದ್ದು ಈ ವರ್ಷ ಜಾಸ್ತಿ ಆಗಿದೆ. ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕಥೆ ನಡೆಸ್ತಾರೆ, ಅವರಿಗೆ ಡಿಎಂ ಅಂತಾರೆ. ಉಳಿದವರಿಗೆ ಒಂದೊಂದು ಪಾತ್ರ. ಏನು ಮಾಡ್ತೀರಿ ಅಂತ ನೀವು ಹೇಳಬೇಕು, ಅದು ಆಗುತ್ತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತೆ. ಪುಸ್ತಕದಲ್ಲಿರುವ ರಾಕ್ಷಸರು ಸಾಲದೇ ಹೋದಾಗ ನಾವೇ ಮಾಡಿಕೊಳ್ಳೋದಕ್ಕೆ ಹೋಂಬ್ರೂ ಅನ್ನೋ ಹೆಸರಿದೆ. ನಮ್ಮ ಗುಂಪಿನಲ್ಲಿ ಅದಕ್ಕೆ ಮನೆ ರಾಕ್ಷಸ ಅಂತೀವಿ.

ಈ ಮನೆ ರಾಕ್ಷಸರ ಬಗ್ಗೆ ನಮ್ಮದೊಂದು ತಕರಾರಿದೆ. ಯಾವ ಟೇಬಲ್‌ಗೆ ಹೋದರೂ ಅವೇ ನಾಲ್ಕು ಕೈ, ಅದೇ ಬೆಂಕಿ, ಅದೇ 250 ಹಿಟ್ ಪಾಯಿಂಟ್. ಹಿಟ್ ಪಾಯಿಂಟ್ ಅಂದ್ರೆ ಎಷ್ಟು ಏಟು ತಡೆಯುತ್ತೆ ಅನ್ನೋ ಲೆಕ್ಕ. ಎಂಜಿನಿಯರಿಂಗ್ ಓದೋರು ನಾವು, ಲೆಕ್ಕವನ್ನೇ ಹಾಕೋಣ. ರಾಕ್ಷಸನ ರಕ್ಷಣೆ 15, ನಿಮ್ಮ ದಾಳಕ್ಕೆ 5 ಕೂಡುತ್ತೆ ಅಂದ್ರೆ 10 ಅಥವಾ ಅದಕ್ಕಿಂತ ಮೇಲೆ ಬೀಳಬೇಕು. ಅಂದ್ರೆ ನೂರಕ್ಕೆ 55 ಸಲ ಏಟು ತಾಗುತ್ತೆ. ನಾಲ್ಕು ಜನ ಆಟಗಾರರು, ತಾಗಿದ ಏಟಿಗೆ ಸರಾಸರಿ 8 ಅಂತ ಇಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು 17.6. 250 ಇಳಿಯೋಕೆ ಹದಿನಾಲ್ಕಕ್ಕಿಂತ ಸ್ವಲ್ಪ ಹೆಚ್ಚೇ ಸುತ್ತು ಬೇಕು. ಸುತ್ತಿಗೆ ಐದು ನಿಮಿಷ ಹಿಡಿದರೂ ಒಂದು ಗಂಟೆ ದಾಟುತ್ತೆ. ಆ ಹೊತ್ತಿಗೆ ಒಬ್ಬ ಮೊಬೈಲ್ ನೋಡ್ತಿರ್ತಾನೆ, ಇನ್ನೊಬ್ಬ ಮಲಗಿರ್ತಾನೆ. ಹಿಟ್ ಪಾಯಿಂಟನ್ನು 70 ಮಾಡಿದರೆ ನಾಲ್ಕೇ ಸುತ್ತಿಗೆ ಮುಗಿಯುತ್ತೆ, ಆದರೆ ಬರೀ ಬೇಗ ಮುಗಿದರೆ ಅದು ಒಳ್ಳೆಯ ರಾಕ್ಷಸ ಆಗಲ್ಲ. ಭಯ ನಂಬರ್‌ನಿಂದ ಹುಟ್ಟಲ್ಲ, ಷರತ್ತಿನಿಂದ ಹುಟ್ಟುತ್ತೆ.

ಷರತ್ತು ಅಂದ್ರೇನು? ನಮ್ಮ ಪುರಾಣದ ರಾಕ್ಷಸರನ್ನೇ ನೋಡಿ. ರಕ್ತಬೀಜನ ಒಂದೊಂದು ಹನಿ ರಕ್ತ ನೆಲಕ್ಕೆ ಬಿದ್ದಾಗಲೂ ಇನ್ನೊಬ್ಬ ರಕ್ತಬೀಜ ಏಳ್ತಾನೆ. ಹೆಚ್ಚು ಹೊಡೆದಷ್ಟೂ ಹೆಚ್ಚು ಸೋಲ್ತೀರಿ. ಹನಿ ನೆಲಕ್ಕೆ ಬೀಳದ ಹಾಗೆ ಕಾಳಿ ಅದನ್ನ ಕುಡಿದಳು, ಅಲ್ಲಿಗೆ ಮುಗೀತು. ಭಸ್ಮಾಸುರ ತಲೆ ಮೇಲೆ ಕೈ ಇಟ್ಟರೆ ಬೂದಿ, ಆದರೆ ಕೈ ಅವನದೇ, ತಲೆಯೂ ಅವನದೇ ಇರಬಹುದಲ್ಲ? ಹಿರಣ್ಯಕಶಿಪು ಹಗಲು ಸಾಯಲ್ಲ, ರಾತ್ರಿ ಸಾಯಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ. ಮುಸ್ಸಂಜೆ ಹೊತ್ತಲ್ಲಿ ಹೊಸ್ತಿಲ ಮೇಲೆ ಸತ್ತ. ವರ ಅಂತ ನಾವು ಕರೆಯೋದನ್ನ ನಮ್ಮ ಭಾಷೆಯಲ್ಲಿ ಸ್ಪೆಸಿಫಿಕೇಶನ್ ಅನ್ನಬಹುದು, ಕಥೆ ಪೂರ್ತಿ ಅದರ ಎಡ್ಜ್ ಕೇಸ್ ಹುಡುಕೋದೇ. ಇವರಲ್ಲಿ ಯಾರಿಗೆ ಎಷ್ಟು ಶಕ್ತಿ ಇತ್ತು ಅಂತ ಯಾರಿಗೂ ನೆನಪಿಲ್ಲ, ಹೇಗೆ ಸತ್ತರು ಅಂತ ಎಲ್ಲರಿಗೂ ನೆನಪಿದೆ.

ಹೆಸರು ತಗೊಂಡು ಷರತ್ತು ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಆ ಆಟದ ಪುಸ್ತಕವೇ ಸಾಕ್ಷಿ. 1977ರ ಮಾನ್ಸ್ಟರ್ ಮ್ಯಾನ್ಯುಯಲ್‌ನಲ್ಲಿ ನಮ್ಮ ‘ರಾಕ್ಷಸ’ ಇದ್ದಾನೆ. ಹುಲಿ ತಲೆ, ಮೈಮೇಲೆ ಜಂಬದ ಬಟ್ಟೆ. ಅವನನ್ನ ಕೊಲ್ಲೋದು ಪೂಜಾರಿ ಮಂತ್ರಿಸಿದ ಅಡ್ಡಬಿಲ್ಲಿನ ಬಾಣ. ಈ ಬಾಣ ರಾಮಾಯಣದ್ದಲ್ಲ, ಕೊಲ್ಚಾಕ್ ಅನ್ನೋ ಅಮೆರಿಕದ ಟಿವಿ ಸೀರಿಯಲ್‌ನ 1974ರ ಒಂದು ಕಂತಿನಲ್ಲಿ ಬಂದಿದ್ದು. ತಪ್ಪೇನಿಲ್ಲ, ಅವರಿಗೆ ಸಿಕ್ಕಿದ್ದು ಅವರು ಬಳಸಿದರು. ಆದರೆ ನಮಗೆ ಅದಕ್ಕಿಂತ ಒಳ್ಳೇದು ಸಿಕ್ಕಿದೆ. ಅದನ್ನ ಬಿಟ್ಟು ನಾವೂ ಹುಲಿ ತಲೆಗೆ ಕೊಂಬು ಅಂಟಿಸ್ತಾ ಕೂತರೆ ಹೇಗೆ?

ಪುರಾಣಕ್ಕೇ ಹೋಗಬೇಕು ಅಂತಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿತ್ತು. ದೆವ್ವ ಬಂದು, ಓದಿ, ವಾಪಸ್ ಹೋಗಿ, ಮರುದಿನ ಮತ್ತೆ ಬಂದು ಅದನ್ನೇ ಓದಬೇಕು. ಓದು ಬರುವ, ಬರೆದಿದ್ದನ್ನ ಪಾಲಿಸುವ ದೆವ್ವ! ಒಂದು ಸುಣ್ಣದ ತುಂಡಿದ್ದರೆ ಯಾರು ಬೇಕಾದರೂ ಎದುರಿಸಬಹುದು. 2018ರಲ್ಲಿ ಸ್ತ್ರೀ ಅನ್ನೋ ಹಿಂದಿ ಸಿನಿಮಾ ಇದೇ ಎಳೆ ಇಟ್ಟುಕೊಂಡು ಓಡಿತು. ಬೇತಾಳನ ಷರತ್ತೂ ಹಾಗೇ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತೆ, ಬಾಯಿ ಬಿಟ್ಟರೆ ಹೆಣ ಮತ್ತೆ ಮರಕ್ಕೆ. ಇಂಥದ್ದಕ್ಕೆ ಹಿಟ್ ಪಾಯಿಂಟ್ ಯಾಕೆ ಬೇಕು?

ನಾವು ಮಾಡಿದ್ದನ್ನೂ ಹೇಳ್ತೀವಿ. ನಮ್ಮ ಗುಂಪಿನಲ್ಲಿ ಮಸಗುಪ್ಪಿಯವರಿದ್ದೇವೆ, ದೀಪಾವಳಿ ರಜೆಯಲ್ಲಿ ಐದೂ ಜನ ಅಲ್ಲೇ ಸೇರಿದ್ವಿ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ಪಟ್ಟಣದೊಳಗೇ ನೀರು ನುಗ್ಗಿದ್ದು ಈ ಕಡೆ ಯಾರೂ ಮರೆತಿಲ್ಲ. ಆಗ ನಾವು ಏಳನೇ, ಎಂಟನೇ ಕ್ಲಾಸು. ಹಿಡಕಲ್ ಡ್ಯಾಮಿನ ಸುದ್ದಿ ಕೇಳಿ ಕೇಳಿ ಹೊಳೆದಂಡೆಯ ಜನ ಮನೆ ಬಿಡುತ್ತಿದ್ದ ದಿನಗಳು. ಹೊರಟವರಲ್ಲಿ ಕೆಲವರು ಎಮ್ಮೆಗೆ, ಜೋಳದ ಚೀಲಕ್ಕೆ, ಕಾಗದಪತ್ರಕ್ಕೆ ಅಂತ ಮತ್ತೆ ಹಿಂದಕ್ಕೆ ಹೋಗ್ತಿದ್ದರು. ಅದನ್ನೇ ನಾವು ರಾಕ್ಷಸನ ಷರತ್ತು ಮಾಡಿದ್ವಿ. ಹೆಸರು ‘ಹಿಂದಕ್ಕ ಕರಿಯಾಕಿ’. ಮುಂದೆ ನಡೆಯೋರನ್ನ ಅವಳು ಮುಟ್ಟಲ್ಲ. ಬಿಟ್ಟು ಬಂದ ವಸ್ತುವಿನ ದನಿಯಲ್ಲಿ ಒಂದೇ ಒಂದು ಸಲ ಕರೀತಾಳೆ. ತಿರುಗಿದವರನ್ನ ನೀರು ತಗೊಳ್ಳುತ್ತೆ. ಕತ್ತಿ ಏಟು ಅವಳಿಗೆ ತಾಗಲ್ಲ.

ಪಡಸಾಲೆಯಲ್ಲಿ ಆಡ್ತಿದ್ದಾಗ ಡಿಎಂ ಹೇಳಿದ್ದು ಎರಡೇ: ಹಸಿ ಮಣ್ಣು ಸೇರಿದ ಕೊಳೆತ ಕಬ್ಬಿನ ವಾಸನೆ, ಎಮ್ಮೆ ಕೊರಳ ಗಂಟೆ ಒಂದು ಸಲ. ಇಂಗ್ಲಿಷಿನಲ್ಲಿ ಕೆಟ್ಟ ವಾಸನೆಗೆ ಹತ್ತು ಪದ ನಮಗೆ ಗೊತ್ತು, ನಾವೆಲ್ಲ ಇಂಗ್ಲಿಷ್ ಮೀಡಿಯಂನವರೇ. ಆದರೆ ಕೊಳೆತ ಕಬ್ಬು ಅಂದಾಗ ಆದ ಮೌನ ಆ ಹತ್ತರಿಂದಲೂ ಆಗಿರಲಿಲ್ಲ. ನಾಲ್ಕು ಜನ ಸೇರಿ ಮಂತ್ರ, ಬಾಣ, ಹಗ್ಗ ಎಲ್ಲ ಪ್ರಯತ್ನಿಸಿದರು. ಕೊನೆಗೆ ದಾರಿ ತೋರಿಸಿದ್ದು ಬಾಜೂಕ್ಕೆ ಕೂತು ಅವರೇಕಾಯಿ ಸುಲಿಯುತ್ತಿದ್ದ ಆಯಿ. ದಾಳ ಮುಟ್ಟಿದವರೇ ಅಲ್ಲ. “ರಾತ್ರಿ ಒಂದ ಸಲ ಕರದ್ರ ಓ ಅನಬಾರ್ದು, ಎರಡನೇದಕ್ಕ ತಡೀಬೇಕು. ಎರಡನೇ ಸಲ ಕರಿಯೋದು ಮನಷ್ಯಾರಷ್ಟ. ಇಷ್ಟೂ ಗೊತ್ತಿಲ್ಲೇನ್ರೋ ನಿಮಗ?” ಅಂದ್ರು. ತಿರುಗಿದವನ ಹೆಸರನ್ನ ಗೆಳೆಯನೊಬ್ಬ ಎರಡು ಸಲ ಕೂಗಬೇಕು, ಬಿಡಿಸಿಕೊಳ್ಳೋಕೆ ಡಿಎಂ ಬರೆದಿಟ್ಟುಕೊಂಡ ದಾರಿ ಅದೇ ಇತ್ತು. ಒಳ್ಳೆಯ ಷರತ್ತು ಅಂದ್ರೆ ಇದು. ಪುಸ್ತಕ ಓದದವರಿಗೂ ಅದು ಸಿಗಬೇಕು.

ಇನ್ನು ರಾಕ್ಷಸನನ್ನ ಟೇಬಲ್ ಮುಂದೆ ತರೋ ರೀತಿ. ಡಿಎಂ ಬಾಗಿಲು ತೆಗೆದ ಕೂಡಲೇ ಎತ್ತರ, ಬಣ್ಣ, ಹಲ್ಲು ಎಲ್ಲಾ ಓದಿಬಿಡ್ತಾರೆ. ಯಕ್ಷಗಾನದ ಬಣ್ಣದ ವೇಷ ನೋಡಿದವರಿಗೆ ಗೊತ್ತು, ರಾಕ್ಷಸ ತೆರೆಯ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಕಾಣಿಸ್ತಾನೆ, ಅಷ್ಟರಲ್ಲಿ ಚೆಂಡೆ ಅರ್ಧ ಕೆಲಸ ಮಾಡಿರುತ್ತೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಸಾರಥಿ ಬಂದವನನ್ನ ನೀನ್ಯಾರು ಅಂತ ಕೇಳ್ತಾನೆ, ರಾಕ್ಷಸ ತನ್ನ ಪ್ರತಾಪವನ್ನ ತಾನೇ ಕೊಚ್ಚಿಕೊಳ್ತಾನೆ. ಆ ಕೊಚ್ಚುವಿಕೆಯಲ್ಲೇ ಸುಳಿವು ಇಡಬಹುದು. “ಗಂಡಸರಿಂದ ನನಗೆ ಸಾವಿಲ್ಲ” ಅಂದವನ ಬಾಯಿಂದಲೇ ಅವನ ಸಾವಿನ ದಾರಿ ಬಂತಲ್ಲ!

ಷರತ್ತು ಅಡಗಿಸಿಟ್ಟರೆ ಆಟಗಾರರಿಗೆ ಮೋಸ ಅಂತ ಕೆಲವರು ವಾದ ಮಾಡ್ತಾರೆ. ಸುಳಿವು ಕೊಡದೆ ಅಡಗಿಸಿದರೆ ಮೋಸವೇ ಸರಿ. ಅದಕ್ಕೇ ಒಂದು ಷರತ್ತಿಗೆ ಮೂರು ಸುಳಿವು ಇಡಿ: ಒಂದು ಕಾಣೋದು, ಒಂದು ಕೇಳೋದು, ಒಂದು ಊರವರು ಹೇಳೋದು. ಒಂದು ತಪ್ಪಿದರೂ ಇನ್ನೊಂದು ಸಿಗುತ್ತೆ.

ಒಂದು ಗೆರೆ ಮಾತ್ರ ದಾಟಬೇಡಿ. 2022ರಲ್ಲಿ ಕಾಂತಾರ ಬಂದಮೇಲೆ ಪಂಜುರ್ಲಿಗೆ ಸ್ಟ್ಯಾಟ್ ಬ್ಲಾಕ್ ಬರೆಯೋ ಆಸೆ ಹಲವರಿಗಿದೆ. ತುಳುನಾಡಿನ ಮನೆಮನೆಗಳಲ್ಲಿ ಜನ ಇವತ್ತೂ ಕೈಮುಗಿಯುವ ದೈವ ಅದು, ನಾಲ್ಕು ಸುತ್ತಿಗೆ ಕೊಲ್ಲೋ ಪ್ರಾಣಿ ಅಲ್ಲ. ನಿಮ್ಮ ಟೇಬಲ್‌ನಲ್ಲೇ ಮಂಗಳೂರು ಕಡೆಯವರು ಕೂತಿರ್ತಾರೆ. ಕಥೆಗಳಿಂದ ಷರತ್ತು ಕಲೀರಿ, ಹೆಸರು ನೀವೇ ಇಡಿ. ‘ಹಿಂದಕ್ಕ ಕರಿಯಾಕಿ’ ಯಾವ ಗುಡಿಯಲ್ಲೂ ಇಲ್ಲ, ಯಾರಿಗೂ ನೋವಾಗಲ್ಲ.

ಹೊಳೆಯನ್ನ ಆಟ ಮಾಡಿದಿರಲ್ಲ, ಅದು ನೋವಲ್ವಾ ಅಂತಲೂ ಕೇಳಿದರು. ನೂರು ಏಟಿಗೆ ಸಾಯೋ ನೆರೆ ಮಾಡಿದ್ದರೆ ಅದು ಸುಳ್ಳಾಗುತ್ತಿತ್ತು, ನೆರೆ ಸಾಯಲ್ಲ. ಆ ರಾತ್ರಿ ಆಟದಲ್ಲಿ ಗೆದ್ದವರು ಯಾರನ್ನೂ ಕೊಲ್ಲಲಿಲ್ಲ, ಒಬ್ಬನನ್ನ ಕೂಗಿ ವಾಪಸ್ ಕರ್ಕೊಂಡು ಬಂದರು. ಅಷ್ಟೇ ನಿಜ, ಅಷ್ಟೇ ಸಾಕು.

ಮುಂದಿನ ಸಲ ಟೇಬಲ್‌ಗೆ ಬರುವಾಗ ಒಂದೇ ಹಾಳೆ ತನ್ನಿ. ಮೊದಲ ಸಾಲು, ಅದಕ್ಕೆ ಏನು ಬೇಕು. ಎರಡನೇದು, ಅದರಿಂದ ಏನು ಆಗಲ್ಲ. ಆಮೇಲೆ ಮೂರು ಸುಳಿವು. ಹಿಟ್ ಪಾಯಿಂಟ್ ಜಾಗ ಖಾಲಿ ಬಿಡಿ, ಬೇಕಾದರೆ ಕೂತು ಲೆಕ್ಕ ಹಾಕೋಣ. ಷರತ್ತು ಹೊಳೀಲಿಲ್ಲ ಅಂದ್ರೆ ಮನೆಗೆ ಫೋನ್ ಮಾಡಿ, ಆಯಿಗೋ ಅಜ್ಜನಿಗೋ ಕೊಡಿ ಅನ್ನಿ. ಅವರ ಹತ್ರ ಇವೆ.