ಗುಜರಿಗೆ ಹಾಕುವ ಮುನ್ನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿಕೆ ಆರಂಭವಾದ ಜಾವಾ ಮೋಟಾರ್ ಸೈಕಲ್ಲು ಎಪ್ಪತ್ತರ ದಶಕದಲ್ಲಿ ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ನಂಜನಗೂಡು ತಾಲ್ಲೂಕಿನ ದೇವನೂರಿನಂಥ ಊರಿನಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ನಿಂತ ಹಳೆಯ ಜಾವಾ ಇದ್ದರೆ ಗುಜರಿಯವನು ಅದನ್ನು ತೂಕಕ್ಕೆ ಕೇಳುತ್ತಾನೆ. ಬಲ್ಲವನು ಮೊದಲು ಎಂಜಿನ್ ನೋಡುತ್ತಾನೆ. ಅವನು ಏನನ್ನು ನೋಡುತ್ತಾನೆಂಬುದು ಮಾರುವವರಿಗೂ ತಿಳಿದಿದ್ದರೆ ಒಳ್ಳೆಯದಲ್ಲವೆ?

ಮೊದಲನೆಯದು ಸಂಖ್ಯೆ. ಕ್ರ್ಯಾಂಕ್‌ಕೇಸಿನ ಮೇಲೆ ಒತ್ತಿದ ಎಂಜಿನ್ ಸಂಖ್ಯೆಯೂ ಚೌಕಟ್ಟಿನ ಮೇಲಿನ ಚಾಸಿ ಸಂಖ್ಯೆಯೂ ನೋಂದಣಿ ಪುಸ್ತಕದಲ್ಲಿ ಇರುವಂತೆಯೇ ಇರಬೇಕು. ಅಂಕಿಗಳ ಸುತ್ತ ಅರ ಹಾಕಿ ಉಜ್ಜಿದ ಗುರುತಿದ್ದರೆ, ಅಂಕಿಗಳು ಓರೆಕೋರೆಯಾಗಿದ್ದರೆ ಸಂಶಯ ಪಡಬೇಕು. ಗಾಡಿ ಹೊಳೆಯಲೆಂದು ಈ ಜಾಗವನ್ನು ಉಜ್ಜಿಸುವವರು ತಮ್ಮ ಕೈಯಾರೆ ಬೆಲೆ ಕಳೆದುಕೊಳ್ಳುತ್ತಾರೆ.

ಎರಡನೆಯದು ಲೋಹ. ಜಾವಾದ ಸಿಲಿಂಡರ್ ಎರಕದ ಕಬ್ಬಿಣದ್ದು, ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಯಸ್ಕಾಂತ ಮೊದಲನೆಯದಕ್ಕೆ ಅಂಟುತ್ತದೆ, ಎರಡನೆಯದಕ್ಕೆ ಅಂಟದು. ಆದರೆ ನಕಲಿ ಸಿಲಿಂಡರೂ ಕಬ್ಬಿಣದ್ದೇ ಆಗಿರಬಹುದಾದ್ದರಿಂದ ಇದು ಮೊದಲ ಪರೀಕ್ಷೆ ಮಾತ್ರ. ಎರಕದ ಗುರುತು, ರೆಕ್ಕೆಗಳ ಅಂಚಿನ ನಯ, ಬೋಲ್ಟ್ ತೂತುಗಳ ಅಚ್ಚುಕಟ್ಟು, ಇವನ್ನು ಖಚಿತವಾಗಿ ಅಸಲಿಯೆಂದು ಗೊತ್ತಿರುವ ಇನ್ನೊಂದು ಭಾಗದ ಪಕ್ಕದಲ್ಲಿಟ್ಟು ಹೋಲಿಸಬೇಕು.

ಮೂರನೆಯದು ಅಳತೆ. 250ರ ಜಾವಾದ ಸಿಲಿಂಡರ್ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 249 ಘನ ಸೆಂ.ಮೀ. ಬರುತ್ತದೆ. ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡ ಪಿಸ್ಟನ್ ಹಾಕುವುದು ರೂಢಿ. ವ್ಯಾಸ 66 ಮಿ.ಮೀ. ಆದರೆ ಗಾತ್ರ 256 ದಾಟುತ್ತದೆ. ಆ ಸಿಲಿಂಡರ್ ಅಸಲಿಯೇ ಹೌದು, ಆದರೆ ಇನ್ನು ಕೊರೆಯಲು ಉಳಿದಿರುವ ಗೋಡೆ ಕಡಿಮೆ. ಆದ್ದರಿಂದ ಅಳತೆ ಕೇಳದೆ ಬೆಲೆ ಕಟ್ಟುವಂತಿಲ್ಲ.

ಹಳೆಯದೆಲ್ಲ ಬೆಲೆಯುಳ್ಳದ್ದೆಂಬ ಭ್ರಮೆಯೂ ಬೇಡ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಒತ್ತಡಕ್ಕೊಳಗಾಗುತ್ತದೆ. ಅಲ್ಲಿನ ರಬ್ಬರ್ ಸೀಲು ವರ್ಷಗಳು ಕಳೆದಂತೆ ಗಡುಸಾಗಿ ಬಿರಿದರೆ ಹೊರಗಿನ ಗಾಳಿ ನುಗ್ಗುತ್ತದೆ. ಮಿಶ್ರಣ ತೆಳುವಾಗಿ, ಎಂಜಿನ್ ಕಾದು, ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಪೊಟ್ಟಣ ಒಡೆಯದ ಹಳೆಯ ಸೀಲಿಗಿಂತ ಹೊಸದಾಗಿ ತಯಾರಾದ ಒಳ್ಳೆಯ ಸೀಲೇ ಮೇಲು. ಸೀಲು, ರಿಂಗು, ಗ್ಯಾಸ್ಕೆಟ್ ಬದಲಾಗಿದ್ದರೆ ಗಾಡಿಯ ಮರ್ಯಾದೆಗೆ ಕುಂದಿಲ್ಲ. ಕ್ರ್ಯಾಂಕ್‌ಕೇಸ್, ಸಿಲಿಂಡರ್, ಹೆಡ್, ಕಾರ್ಬುರೇಟರ್ ಅಸಲಿಯಾಗಿರುವುದೇ ಮುಖ್ಯ. ಕ್ರ್ಯಾಂಕ್‌ಕೇಸಿನ ಎರಡು ಅರ್ಧಗಳನ್ನಂತೂ ಬಿಡಿಬಿಡಿಯಾಗಿ ಮಾರಬಾರದು, ಅವು ಸಾಮಾನ್ಯವಾಗಿ ಜೋಡಿಯಾಗಿಯೇ ಕೂರುವಂಥವು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಆ ಗಾಡಿಗಳದು ಫೋರ್ ಸ್ಟ್ರೋಕ್ ಎಂಜಿನ್. ಅವುಗಳ ಪಿಸ್ಟನ್ನಾಗಲಿ ಸಿಲಿಂಡರಾಗಲಿ ಹಳೆಯದಕ್ಕೆ ಹೊಂದದು.

ಕಾನೂನಿನ ಮಾತೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಅರವತ್ತರ ದಶಕದ ಜಾವಾಗಳೆಲ್ಲ ಈಗ ಈ ವಯಸ್ಸನ್ನು ದಾಟಿವೆ. ಚಾಸಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗಿದ್ದರೆ ಈ ಅವಕಾಶವಿಲ್ಲ.

ಆದ್ದರಿಂದ ಮನೆಯಲ್ಲಿ ಇಂಥ ಗಾಡಿಯಿದ್ದವರು ಮೊದಲು ನೋಂದಣಿ ಪುಸ್ತಕ ಹುಡುಕಲಿ, ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಲಿ, ಎಂಜಿನ್ ಬಿಚ್ಚಿಸುವ ಮುಂಚೆ ಫೋಟೋ ತೆಗೆಸಲಿ. ಮೆಕ್ಯಾನಿಕ್ ಹೊಸ ಭಾಗ ಹಾಕಿದರೆ ಹಳೆಯದನ್ನು ಕೇಳಿ ವಾಪಸು ಪಡೆದು, ಎಣ್ಣೆ ಸವರಿ ಇಡಲಿ. ಗುಜರಿಯವನ ತಕ್ಕಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಅವನ ಬಳಿಗೆ ಕೊನೆಯಲ್ಲಿ ಹೋದರೂ ನಡೆದೀತು.